ಅತಿಭಾರಾರೋಪಣ: ಶುಶ್ರೂಷಾ ಸಹಾಯಕಿಯರ ಚರಿತ್ರೆಯಿಂದ ಒಂದು ಪಾಠ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವರು. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬಿವೇ ಆ ಐದು. ಸಮಂತಭದ್ರಾಚಾರ್ಯರೂ ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರಾರೋಪಣವನ್ನು ಬಿಟ್ಟಿಲ್ಲ. ಈ ಶಬ್ದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಎತ್ತು, ಕುದುರೆ, ಕತ್ತೆಗಳ ಬೆನ್ನ ಮೇಲಿನ ಹೊರೆ. ಸರಕು ಸಾಗಿಸುವ ವರ್ತಕರಾದ ನಮ್ಮ ಹಿರಿಯರಿಗೆ ಈ ಅತಿಚಾರದ ಭಯ ವಿಶೇಷವಾಗಿತ್ತು. ಆದರೆ ಭಾರವೆಂಬುದು ಮೂಟೆಯ ರೂಪದಲ್ಲಿಯೇ ಇರಬೇಕೆಂದಿಲ್ಲ. ಕಲಿಸದೆಯೇ ವಹಿಸಿದ ಕೆಲಸವೂ ಭಾರವೇ. ಒಬ್ಬರ ಶಕ್ತಿಗೆ ಮೀರಿ ಹೇರಿದ ಹೊಣೆಯೂ ಭಾರವೇ. ರೋಗಿಗಳ ಶುಶ್ರೂಷೆಯಲ್ಲಿ ನರ್ಸುಗಳಿಗೆ ಸಹಾಯಕರಾಗಿ ದುಡಿಯುವವರ ಚರಿತ್ರೆಯನ್ನು ಓದುವಾಗ ಈ ಮಾತು ಹೆಜ್ಜೆಹೆಜ್ಜೆಗೂ ನೆನಪಾಗುತ್ತದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಸಮಾಜದ ಮುಂದಿಟ್ಟು, ಅದರಿಂದ ನಮಗೆ ದೊರೆಯುವ ಬೋಧೆಯನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ವೈಯಾವೃತ್ಯದ ಸ್ಥಾನ

ರೋಗಿಯ ಮೈ ತೊಳೆಯುವುದು, ಮಲಮೂತ್ರಗಳನ್ನು ತೆಗೆಯುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು ಮುಂತಾದ ಕೆಲಸಗಳನ್ನು ಲೋಕವು ಕೀಳೆಂದು ಎಣಿಸುತ್ತ ಬಂದಿದೆ. ಜಿನಶಾಸನದಲ್ಲಿ ಇವುಗಳ ಸ್ಥಾನ ಬೇರೆ. ಆರು ವಿಧದ ಅಭ್ಯಂತರ ತಪಗಳಲ್ಲಿ ವೈಯಾವೃತ್ಯವು ಮೂರನೆಯದು. ಸ್ವಾಧ್ಯಾಯ, ಧ್ಯಾನಗಳೊಂದಿಗೆ ಒಂದೇ ಸಾಲಿನಲ್ಲಿ ಅದನ್ನು ಕೂಡಿಸಲಾಗಿದೆ. ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಹೇಳುವಾಗ ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಜೊತೆಯಲ್ಲಿಯೇ ಗ್ಲಾನನನ್ನು, ಅಂದರೆ ರೋಗದಿಂದ ಬಳಲಿದವನನ್ನು ಹೇಳಿದೆ. ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿಯೂ ವೈಯಾವೃತ್ಯವಿದೆ. ಸಮಂತಭದ್ರರಂತೂ ಶ್ರಾವಕನ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂಬ ಹೆಸರನ್ನೇ ಇಟ್ಟರು. ಆದುದರಿಂದ ಇದು ಮುನಿಗಳಿಗೆ ಮಾತ್ರ ಹೇಳಿದ್ದು, ಗೃಹಸ್ಥರಿಗಲ್ಲ ಎನ್ನುವಂತಿಲ್ಲ.

ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತವಾದ ಉದ್ದಾಯನ ರಾಜನ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ವ್ಯಾಧಿಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿದಾಗ, ರಾಜನು ಹೇಸದೆ ತನ್ನ ಕೈಯಿಂದಲೇ ಶುದ್ಧಿ ಮಾಡಿ ಸೇವೆಗೈದನು. ಹೇಸಿಗೆಯನ್ನು ಗೆಲ್ಲುವುದು ಸಮ್ಯಗ್ದರ್ಶನದ ಅಂಗವೆಂದು ಸಾರಿದ ಧರ್ಮ ನಮ್ಮದು.

ಆದರೆ ಹೇಸಿಗೆ ಇಲ್ಲದಿದ್ದರೆ ಸಾಕೆ? ಸಾಲದೆಂಬುದು ನಮ್ಮ ಹಿರಿಯರ ಅಭಿಪ್ರಾಯ. ಶಿವಾರ್ಯರ ಭಗವತೀ ಆರಾಧನೆಯನ್ನು ನೋಡಬೇಕು. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲದ ಗಾಹೆಗಳನ್ನು ಒದಗಿಸಿದ ಗ್ರಂಥವಿದು. ಸಲ್ಲೇಖನೆಯನ್ನು ಕೈಕೊಂಡ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರು ಬೇಕೆಂದು ಅಲ್ಲಿ ವಿಧಿಸಿದೆ. ನಾಲ್ವರಂತೆ ಹನ್ನೆರಡು ತಂಡಗಳು. ಕ್ಷಪಕನನ್ನು ಏಳಿಸಿ, ಕೂರಿಸಿ, ಮಗ್ಗುಲು ಬದಲಿಸಿ ಶರೀರದ ಪರಿಚರ್ಯೆ ಮಾಡಲು ನಾಲ್ವರು. ಧರ್ಮಕಥೆಯನ್ನು ಹೇಳಲು ನಾಲ್ವರು. ಆಹಾರಕ್ಕೆ, ಪಾನಕ್ಕೆ ಬೇರೆ ಬೇರೆ ನಾಲ್ವರು. ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನೂ ಸ್ಥಳವನ್ನೂ ಶುದ್ಧಗೊಳಿಸಲು ನಾಲ್ವರು. ಬಾಗಿಲು ಕಾಯಲು ನಾಲ್ವರು. ರಾತ್ರಿ ಎಚ್ಚರವಿರಲು ನಾಲ್ವರು. ಹೀಗೆ ಕೆಲಸವನ್ನು ಹಂಚಿದೆ. ನಿರ್ಯಾಪಕರು ಧರ್ಮದಲ್ಲಿ ದೃಢರೂ, ಹೇಳದೆಯೇ ಇಂಗಿತವನ್ನು ಅರಿಯುವವರೂ, ಯಾವುದು ಯೋಗ್ಯ ಯಾವುದು ಅಯೋಗ್ಯವೆಂದು ಬಲ್ಲವರೂ ಆಗಿರಬೇಕು. ಕಾಲದೋಷದಿಂದ ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಇಳಿಸಬಹುದು. ಕಟ್ಟಕಡೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನೇ ನಿರ್ಯಾಪಕನಾದರೆ ತನ್ನನ್ನಾದರೂ ಕ್ಷಪಕನನ್ನಾದರೂ ಕಡೆಗಣಿಸಬೇಕಾಗುತ್ತದೆ ಎಂಬುದೇ ಅದಕ್ಕೆ ಕಾರಣ.

ಕೆಲಸದ ಹಂಚಿಕೆ, ಸೇವಕರ ಯೋಗ್ಯತೆ, ಭಾರಕ್ಕೊಂದು ಮಿತಿ ಎಂಬ ಮೂರು ತತ್ತ್ವಗಳು ಈ ವಿಧಿಯಲ್ಲಿ ಅಡಗಿವೆ. ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಬೇಕೆಂದಿತು. ಅನುರಾಗ ಒಂದೇ ಸಾಕೆಂದು ಅದೂ ಹೇಳಲಿಲ್ಲ. ಜ್ಞಾನವನ್ನೇ ಮೊದಲು ಹೇಳಿತು.

ಸೂಲಗಿತ್ತಿಯಿಂದ ಸಹಾಯಕ ದಾದಿಯವರೆಗೆ

ಆಧುನಿಕ ಕಾಲದ ಚರಿತ್ರೆಗೆ ಬರೋಣ. ನಮ್ಮ ದೇಶದಲ್ಲಿ ಹೆರಿಗೆಯ ಮನೆಯ ಶುಶ್ರೂಷೆಯು ಬಹುಕಾಲ ಸೂಲಗಿತ್ತಿಯರ ಕೈಯಲ್ಲಿತ್ತು. ಅವರ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಮೀರಿದ ಹೆರಿಗೆಗಳನ್ನು ಮಾಡಿಸಿದವರೆಂದು ಪ್ರಸಿದ್ಧರಾಗಿ, 2018ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದುದು ಎಲ್ಲರೂ ಬಲ್ಲ ವಿಷಯ. ಆದರೆ ಎಲ್ಲ ಕೈಗಳೂ ಅಂತಹ ನುರಿತ ಕೈಗಳಾಗಿರಲಿಲ್ಲ. ಶುಚಿತ್ವದ ಅರಿವಿಲ್ಲದ ಉಪಕರಣಗಳಿಂದ ನಂಜೇರಿ ಪ್ರಾಣ ಬಿಟ್ಟ ತಾಯಂದಿರೂ ಶಿಶುಗಳೂ ಅಸಂಖ್ಯಾತರು.

1885ರಲ್ಲಿ ಲೇಡಿ ಡಫರಿನ್ ಅವರ ಹೆಸರಿನ ನಿಧಿಯು ಸ್ತ್ರೀಯರಿಗೆ ವೈದ್ಯಕೀಯ ನೆರವನ್ನು ಒದಗಿಸಲು ಹುಟ್ಟಿತು. 1903ರಲ್ಲಿ ಲೇಡಿ ಕರ್ಜನ್ ಅವರ ಪ್ರಯತ್ನದಿಂದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಸ್ಥಾಪನೆಯಾಗಿ, ಸೂಲಗಿತ್ತಿಯರಿಗೆ ತರಬೇತಿ ಕೊಡುವ ಕಾರ್ಯಕ್ಕೆ ಕೈಹಾಕಿತು. ಇರುವವರನ್ನು ದೂರ ತಳ್ಳದೆ, ಅವರಿಗೇ ಕಲಿಸಬೇಕೆಂಬ ವಿವೇಕ ಇದರಲ್ಲಿತ್ತು. ಆದರೆ ದಿನದ ಗಂಜಿಗೆ ದುಡಿಯುವ ಹೆಂಗಸು ಕೆಲಸ ಬಿಟ್ಟು ಪಾಠಕ್ಕೆ ಬರುವುದು ಸುಲಭವಲ್ಲ. ಕಲಿತು ಹೋದ ಮೇಲೆ ಅವಳನ್ನು ವಿಚಾರಿಸುವವರೂ ವಿರಳ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ತೋರಿಸಿಕೊಟ್ಟಿತು. 1943ರಲ್ಲಿ ನೇಮಕವಾದ ಈ ಸಮಿತಿ 1946ರಲ್ಲಿ ವರದಿಯನ್ನು ಒಪ್ಪಿಸಿತು. ಬ್ರಿಟಿಷ್ ಭಾರತದ ಸುಮಾರು 30 ಕೋಟಿ ಜನರಿಗೆ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬ ನರ್ಸು. ಪ್ರಸೂತಿ ದಾದಿಯರು 60,000 ಜನರಿಗೆ ಒಬ್ಬರು. ಮೂರು ಮೂರೂವರೆ ವರ್ಷಗಳ ಪೂರ್ಣ ಶಿಕ್ಷಣ ಪಡೆದ ನರ್ಸುಗಳನ್ನೇ ಹಳ್ಳಿಹಳ್ಳಿಗೂ ಕಳುಹಿಸುತ್ತೇವೆಂದು ಕಾದು ಕುಳಿತಿದ್ದರೆ ಎರಡು ತಲೆಮಾರುಗಳು ಕಳೆದುಹೋಗುತ್ತಿದ್ದವು.

ಆದುದರಿಂದ 1950ರ ದಶಕದ ಆದಿಯಲ್ಲಿ ಒಂದು ಹೊಸ ಹುದ್ದೆಯನ್ನು ರೂಪಿಸಲಾಯಿತು. ಅದೇ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ನಮ್ಮ ಹಳ್ಳಿಗಳ ಬಾಯಲ್ಲಿ ಎ.ಎನ್.ಎಂ. ಅಥವಾ ಬರಿದೆ ನರ್ಸಮ್ಮ. ಮಾಧ್ಯಮಿಕ ಶಾಲೆಯವರೆಗೆ ಓದಿದ ಹುಡುಗಿಗೆ ಎರಡು ವರ್ಷಗಳ ಶಿಕ್ಷಣ. ಅದರಲ್ಲಿ ಹೆರಿಗೆಯ ವಿದ್ಯೆಗೆ ಪ್ರಾಧಾನ್ಯ. ಹೆಚ್ಚು ಓದುವ ಅನುಕೂಲವಿಲ್ಲದ ಸಾವಿರಾರು ಹೆಣ್ಣುಮಕ್ಕಳಿಗೆ ಈ ಶಿಕ್ಷಣವು ಗೌರವದ ಜೀವನೋಪಾಯವನ್ನು ಕೊಟ್ಟಿತು. ವೈದ್ಯರ ಮುಖವನ್ನೇ ಕಾಣದ ಊರುಗಳಿಗೆ ಕಲಿತ ಕೈಯೊಂದು ಬಂದಿತು. ಇದನ್ನು ಸ್ವತಂತ್ರ ಭಾರತದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಹೇಳಲು ಸಂಕೋಚ ಬೇಕಾಗಿಲ್ಲ.

ಭಾರ ಏರಿದ ಬಗೆ

ಮುಂದಿನ ಕಥೆ ಅಷ್ಟು ಸಂತೋಷದ್ದಲ್ಲ. 1960ರ ದಶಕದ ನಡುವಿನಿಂದ ಕುಟುಂಬ ಯೋಜನೆಯ ಗುರಿಗಳು ಅವಳ ಹೆಗಲೇರಿದವು. ಇಷ್ಟು ಶಸ್ತ್ರಚಿಕಿತ್ಸೆಗಳಿಗೆ ಜನರನ್ನು ಒಪ್ಪಿಸಿ ತರಬೇಕೆಂಬ ಲೆಕ್ಕವೇ ಅವಳ ಯೋಗ್ಯತೆಯ ಅಳತೆಯಾಯಿತು. ಈ ಗುರಿಗಳ ಪದ್ಧತಿಯನ್ನು ಸರ್ಕಾರವು ಕೈಬಿಟ್ಟದ್ದು 1996ರ ಏಪ್ರಿಲ್‌ನಲ್ಲಿ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಒಂದೊಂದು ರೋಗಕ್ಕೆ ಒಬ್ಬೊಬ್ಬ ಕಾರ್ಯಕರ್ತನೆಂಬ ಏರ್ಪಾಡನ್ನು ಬಿಟ್ಟು, ಎಲ್ಲ ಕೆಲಸಗಳನ್ನೂ ಮಾಡುವ ಬಹೂದ್ದೇಶ ಕಾರ್ಯಕರ್ತರನ್ನು ನೇಮಿಸಲು ಸಲಹೆ ಮಾಡಿತು. 3,000ದಿಂದ 3,500 ಜನರಿಗೆ ಒಬ್ಬ ಪುರುಷ, ಒಬ್ಬ ಸ್ತ್ರೀ ಎಂಬುದು ಅದರ ಎಣಿಕೆಯಾಗಿತ್ತು. ಸಹಾಯಕ ದಾದಿಯೇ ಮಹಿಳಾ ಆರೋಗ್ಯ ಕಾರ್ಯಕರ್ತೆಯಾದಳು. ಉಪಕೇಂದ್ರಗಳ ಅಳತೆಯು ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಎಂದು ನೆಲೆಗೊಂಡಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಕೆಲಸದ ಪಟ್ಟಿ ಬೆಳೆದ ಕಾಲದಲ್ಲಿಯೇ ಕಲಿಕೆಯ ಅವಧಿ ಕುಗ್ಗಿತು. 1977ರಲ್ಲಿ ಎರಡು ವರ್ಷಗಳ ಶಿಕ್ಷಣವು ಹದಿನೆಂಟು ತಿಂಗಳಾಯಿತು. ಪ್ರವೇಶಕ್ಕೆ ಹತ್ತನೆಯ ತರಗತಿ ಬೇಕೆಂದು ಮಾಡಿದ್ದು ನಿಜ. ಆದರೆ ಹೆರಿಗೆಯ ವಿದ್ಯೆಗೆ ಮೊದಲಿದ್ದ ಪ್ರಾಧಾನ್ಯ ಉಳಿಯಲಿಲ್ಲ. ಗರ್ಭಿಣಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ, ಕುಟುಂಬ ಯೋಜನೆ, ಜ್ವರದವರ ವಿಚಾರಣೆ, ಮನೆಮನೆಯ ಭೇಟಿ, ಇವೆಲ್ಲಕ್ಕೂ ಪ್ರತ್ಯೇಕ ರಿಜಿಸ್ಟರುಗಳು. ಅನೇಕ ಕಡೆ ಉಪಕೇಂದ್ರಕ್ಕೆ ಸ್ವಂತ ಕಟ್ಟಡವಿಲ್ಲ, ವಾಸಕ್ಕೆ ಮನೆಯಿಲ್ಲ. ರಾತ್ರಿ ಕರೆ ಬಂದರೆ ಪರವೂರಿನ ಒಂಟಿ ಹೆಣ್ಣುಮಗಳು ಕತ್ತಲಲ್ಲಿ ನಡೆಯಬೇಕು. ಇದನ್ನು ಅತಿಭಾರಾರೋಪಣವೆನ್ನದೆ ಬೇರೇನೆನ್ನಬೇಕು?

ಏರುವ ಮೆಟ್ಟಿಲೂ ಕಿರಿದಾಗಿತ್ತು. ಐದು ವರ್ಷ ದುಡಿದ ಬಳಿಕ ಆರು ತಿಂಗಳ ತರಬೇತಿ ಪಡೆದು ಮೇಲ್ವಿಚಾರಕಿ ಆಗಬಹುದಿತ್ತು. ಅದು ಕೆಲವರಿಗೆ ಮಾತ್ರ ದೊರೆಯುವ ಭಾಗ್ಯ. ಉಳಿದವರು ಸೇರಿದ ಹುದ್ದೆಯಲ್ಲಿಯೇ ನಿವೃತ್ತರಾದರು. 2012ರ ಪರಿಷ್ಕರಣದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಶಿಕ್ಷಣದ ಅವಧಿಯನ್ನು ಮತ್ತೆ ಎರಡು ವರ್ಷಕ್ಕೇರಿಸಿ, ಪ್ರವೇಶಕ್ಕೆ ಹನ್ನೆರಡನೆಯ ತರಗತಿಯನ್ನು ನಿಗದಿ ಮಾಡಿತು. ಕುಗ್ಗಿಸಿದ್ದನ್ನು ಹಿಗ್ಗಿಸಲು ಮೂವತ್ತೈದು ವರ್ಷಗಳು ಬೇಕಾದವು.

ಇನ್ನು ಸೂಲಗಿತ್ತಿಯರ ಪಾಡು. 1970ರ ದಶಕದ ಉತ್ತರಾರ್ಧದಲ್ಲಿ ಗ್ರಾಮೀಣ ಆರೋಗ್ಯ ಯೋಜನೆಯಡಿ ಅವರಿಗೆ ಮೂವತ್ತು ಕೆಲಸದ ದಿನಗಳ ತರಬೇತಿಯನ್ನೂ ಶುಚಿಯಾದ ಉಪಕರಣಗಳ ಪೆಟ್ಟಿಗೆಯನ್ನೂ ಕೊಡುವ ಕ್ರಮ ಬಂದಿತು. 2005ರ ನಂತರ ಆಸ್ಪತ್ರೆಯ ಹೆರಿಗೆಗೆ ಸರ್ಕಾರವು ಪ್ರೋತ್ಸಾಹಧನ ಕೊಡತೊಡಗಿದಾಗ ಅವರ ಕಾಲ ಮುಗಿಯುತ್ತ ಬಂದಿತು. ತಾಯಂದಿರ ಪ್ರಾಣರಕ್ಷಣೆಯ ದೃಷ್ಟಿಯಿಂದ ಆಸ್ಪತ್ರೆಯ ಹೆರಿಗೆ ಒಳ್ಳೆಯದೇ. ಆದರೆ ಒಂದು ಪೀಳಿಗೆಗೆ ಕಲಿಸಿ, ಮುಂದೆ ಅವರಿಗೆ ಬೇರೆ ದಾರಿ ತೋರದೆ ಬಿಟ್ಟುದು ನ್ಯಾಯವೆನಿಸದು. ಅದೇ 2005ರಲ್ಲಿ ಸಾವಿರ ಜನರಿಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಬಂದರು. ಅವರಿಗೆ ಮೊದಲು ನಿಗದಿಯಾದ ತರಬೇತಿ ಇಪ್ಪತ್ತಮೂರು ದಿನಗಳದು. ಸಂಬಳವಿಲ್ಲ, ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅವರನ್ನು ಗೌರವಿಸಿತು. ಗೌರವ ಮೊದಲು ಬಂದಿತು, ನಿಶ್ಚಿತ ವೇತನದ ಪ್ರಶ್ನೆ ಹಿಂದೆಯೇ ಉಳಿಯಿತು.

ಇಂಗ್ಲೆಂಡಿನ ಅನುಭವ

ಬಡ ದೇಶದಲ್ಲಿ ಹೀಗಾಯಿತು, ಶ್ರೀಮಂತ ದೇಶದಲ್ಲಿ ಹೀಗಾಗದು ಎಂದು ಯಾರಾದರೂ ಹೇಳಬಹುದು. ನಮ್ಮ ನರ್ಸಿಂಗ್ ಪದ್ಧತಿಗೆ ಮಾದರಿಯಾದ ಇಂಗ್ಲೆಂಡನ್ನೇ ನೋಡೋಣ. ಅಲ್ಲಿ 1919ರಲ್ಲಿ ನರ್ಸುಗಳ ನೋಂದಣಿಗೆ ಕಾಯಿದೆಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸಹಾಯಕ ನರ್ಸುಗಳಿಗೆಂದು ಎರಡನೆಯ ಪಟ್ಟಿಯೊಂದನ್ನು ತೆರೆದರು. ಮೂರು ವರ್ಷದ ಬದಲು ಎರಡು ವರ್ಷದ ತರಬೇತಿ. 1961ರಲ್ಲಿ ಸಹಾಯಕ ಎಂಬ ಪದವನ್ನು ಬಿಟ್ಟು ಎನ್‌ರೋಲ್ಡ್ ನರ್ಸ್ ಎಂದು ಕರೆದರು. ಯುದ್ಧಾನಂತರ ಕೆರಿಬಿಯನ್ ದ್ವೀಪಗಳಿಂದ ಬಂದ ಹೆಣ್ಣುಮಕ್ಕಳಲ್ಲಿ ಅನೇಕರನ್ನು ಪೂರ್ಣ ತರಬೇತಿಗೆ ಅರ್ಹರಾಗಿದ್ದರೂ ಈ ಎರಡನೆಯ ದಾರಿಗೆ ತಿರುಗಿಸಿದರು. ತಮ್ಮ ನಾಡಿಗೆ ಮರಳಿದರೆ ಆ ಅರ್ಹತೆಗೆ ಬೆಲೆಯಿಲ್ಲವೆಂಬುದು ಅವರಲ್ಲಿ ಹಲವರಿಗೆ ತಡವಾಗಿ ತಿಳಿಯಿತು.

1980ರ ದಶಕದಲ್ಲಿ ಶಿಕ್ಷಣ ಸುಧಾರಣೆಯ ಹೆಸರಿನಲ್ಲಿ ಪ್ರಾಜೆಕ್ಟ್ 2000 ಎಂಬ ಯೋಜನೆ ಬಂದಿತು. ನರ್ಸಿಂಗ್ ವಿದ್ಯೆಯು ವಿದ್ಯಾಲಯದ ಮಟ್ಟಕ್ಕೇರಿತು. ಎರಡನೆಯ ಪಟ್ಟಿಯ ತರಬೇತಿಯನ್ನು ಮುಚ್ಚಲಾಯಿತು. ಆದರೆ ಮೈ ತೊಳೆಯುವ, ಊಟ ಮಾಡಿಸುವ ಕೆಲಸ ಮುಚ್ಚಿಹೋಗಲಿಲ್ಲ. ಅದನ್ನು ಮಾಡಲು ಹೆಲ್ತ್‌ಕೇರ್ ಅಸಿಸ್ಟೆಂಟ್ ಎಂಬ ಹೆಸರಿನ ನೌಕರರು ಬಂದರು. ಅವರಿಗೆ ಪಟ್ಟಿಯೂ ಇಲ್ಲ, ದೇಶಕ್ಕೆಲ್ಲ ಸಮಾನವಾದ ಕನಿಷ್ಠ ತರಬೇತಿಯೂ ಇಲ್ಲ. ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳಿಗಾದ ಘೋರ ಅಲಕ್ಷ್ಯದ ವಿಚಾರಣಾ ವರದಿ 2013ರಲ್ಲಿ ಪ್ರಕಟವಾದಾಗ ಇಡೀ ದೇಶ ಬೆಚ್ಚಿಬಿದ್ದಿತು. ಅದೇ ವರ್ಷ ಕೆಮಿಲಾ ಕ್ಯಾವೆಂಡಿಶ್ ಎಂಬವರು ಸರ್ಕಾರದ ಕೋರಿಕೆಯಂತೆ ಈ ಸಹಾಯಕರ ಸ್ಥಿತಿಯನ್ನು ಪರಿಶೀಲಿಸಿ, ಅವರಿಗೆ ಸಮಾನವಾದ ತರಬೇತಿ ಅಗತ್ಯವೆಂದು ಹೇಳಿದರು. 2015ರಲ್ಲಿ ಹದಿನೈದು ಮಾನದಂಡಗಳ ಕೇರ್ ಸರ್ಟಿಫಿಕೇಟ್ ಆರಂಭವಾಯಿತು. 2017ರಲ್ಲಿ ನರ್ಸಿಂಗ್ ಅಸೋಸಿಯೇಟ್ ಎಂಬ ಹೊಸ ಹುದ್ದೆಗೆ ತರಬೇತಿ ತೊಡಗಿ, 2019ರಲ್ಲಿ ಮೊದಲ ತಂಡ ನೋಂದಣಿ ಪಡೆಯಿತು. ಈ ಹೊಸ ಶಿಕ್ಷಣದ ಅವಧಿ ಎಷ್ಟು? ಎರಡು ವರ್ಷ. ಮುಚ್ಚಿದ ಬಾಗಿಲನ್ನು ಕಾಲು ಶತಮಾನದ ನಂತರ ಹೆಸರು ಬದಲಿಸಿ ತೆರೆದಂತಾಯಿತು. ಈ ಸಲ ಒಂದು ಒಳ್ಳೆಯ ಅಂಶ ಸೇರಿತು. ಅಸೋಸಿಯೇಟ್ ಆದವರು ಮುಂದೆ ಓದಿ ಪೂರ್ಣ ನರ್ಸ್ ಆಗುವ ಮಾರ್ಗವನ್ನು ಸ್ಪಷ್ಟವಾಗಿ ಇಟ್ಟರು.

ಎರಡು ದೇಶಗಳ ಚರಿತ್ರೆಯೂ ಹೇಳುವ ಮಾತು ಒಂದೇ. ರೋಗಿಯ ಶರೀರಕ್ಕೆ ಅತಿ ಸಮೀಪದಲ್ಲಿರುವ ಕೈಗೆ ಅತಿ ಕಡಿಮೆ ಕಲಿಸಿದರೆ, ಉಳಿಸಿದೆವೆಂದುಕೊಂಡ ಹಣವು ಉಳಿತಾಯವಲ್ಲ. ಅದು ರೋಗಿಯ ಖಾತೆಗೆ ಬರೆದ ಸಾಲ. ನಮ್ಮ ದೇಶದಲ್ಲಿಯೂ ಈ ಅರಿವು ಮೂಡುತ್ತಿದೆ. 2021ರ ಜೂನ್‌ನಲ್ಲಿ, ಕೋವಿಡ್ ಹಾವಳಿಯ ನಡುವೆ, ಕೇಂದ್ರ ಸರ್ಕಾರವು ಮನೆಯ ಆರೈಕೆಯೂ ಸೇರಿದಂತೆ ಆರು ಬಗೆಯ ಸಹಾಯಕ ಕೆಲಸಗಳಿಗೆ ಒಂದು ಲಕ್ಷ ಮಂದಿಯನ್ನು ತರಬೇತುಗೊಳಿಸುವ ಯೋಜನೆಯನ್ನು ಆರಂಭಿಸಿತು. ಆಪತ್ತು ಬಂದಾಗ ಬಾವಿ ತೋಡಿದಂತಾದರೂ ತೋಡಿದ್ದು ಒಳ್ಳೆಯದೇ. 1947ರ ನರ್ಸಿಂಗ್ ಪರಿಷತ್ತಿನ ಕಾಯಿದೆಗೆ ಬದಲಾಗಿ 2023ರಲ್ಲಿ ಬಂದ ರಾಷ್ಟ್ರೀಯ ಕಾಯಿದೆಯು ನರ್ಸಿಂಗ್ ವೃತ್ತಿಯವರ ಜೊತೆಗೆ ಸಹವರ್ತಿ ವೃತ್ತಿಯವರನ್ನೂ ಹೆಸರಿಸಿ ಸ್ಥಾನ ಕೊಟ್ಟಿದೆ.

ನಮ್ಮ ಮನೆ, ನಮ್ಮ ಟ್ರಸ್ಟುಗಳು

ಇದೆಲ್ಲ ಸರ್ಕಾರಗಳ ವಿಷಯವೆಂದು ನಾವು ಸುಮ್ಮನಿರಬಹುದೆ? ಇಂದು ನಮ್ಮ ಸಮಾಜದಲ್ಲಿ ಮಕ್ಕಳು ದೂರದ ಊರುಗಳಲ್ಲಿ, ಪರದೇಶಗಳಲ್ಲಿ ಇದ್ದಾರೆ. ವೃದ್ಧರಾದ ತಂದೆತಾಯಿಗಳು ಮನೆಯಲ್ಲಿ ಒಂಟಿ. ಅವರ ಬಳಿಯಲ್ಲಿ ಏಜೆನ್ಸಿಯಿಂದ ಕರೆಸಿದ ಒಬ್ಬಳು ಆಯಾ. ಅವಳು ಎಲ್ಲಿಯವಳು, ಏನು ಕಲಿತವಳು ಎಂದು ಕೇಳಿದವರು ಎಷ್ಟು ಮಂದಿ? ಸಂಬಳವನ್ನು ಕೇಳುತ್ತೇವೆ, ವಿದ್ಯೆಯನ್ನು ಕೇಳುವುದಿಲ್ಲ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವುದೆಂದು ಅವಳಿಗೆ ಯಾರು ಹೇಳಿದರು? ನುಂಗಲು ಕಷ್ಟಪಡುವವರನ್ನು ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದೆಂದು ಯಾರು ಕಲಿಸಿದರು?

ಹಿಂಸೆಯ ಮೂಲ ಪ್ರಮಾದವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಆಸ್ರವ ಉಂಟು. ಕಲಿಸದೆ ಕೆಲಸಕ್ಕಿಟ್ಟುಕೊಂಡ ಹೆಂಗಸಿನ ಕೈಯಿಂದ ರೋಗಿಗೆ ಅಪಾಯವಾದರೆ ಆ ಪ್ರಮಾದ ಅವಳದೊಂದೇ ಅಲ್ಲ. ಕೆಲಸಕ್ಕಿಟ್ಟವರದೂ ಹೌದು. ಅವಳೊಬ್ಬಳೇ ಹಗಲೂ ರಾತ್ರಿಯೂ ನಿದ್ರೆಗೆಟ್ಟು ದುಡಿಯುತ್ತಿದ್ದರೆ, ಒಬ್ಬ ನಿರ್ಯಾಪಕ ಸಲ್ಲದೆಂದ ಆಚಾರ್ಯರ ಮಾತನ್ನು ನಾವು ಮೀರಿದಂತೆಯೇ. ಆಗ ಒಂದೇ ಹಾಸಿಗೆಯ ಬಳಿಯಲ್ಲಿ ಇಬ್ಬರಿಗೆ ಹಿಂಸೆ: ಮಲಗಿದವರಿಗೊಂದು, ನಿಂತವಳಿಗೊಂದು.

ಬಸದಿಗಳ ಟ್ರಸ್ಟುಗಳೂ ಸಮಾಜದ ಸಂಘಗಳೂ ಮಾಡಬಹುದಾದ ಕೆಲಸ ಬಹಳವಿದೆ. ದೊಡ್ಡ ಆಸ್ಪತ್ರೆ ಕಟ್ಟುವ ಶಕ್ತಿ ಎಲ್ಲ ಟ್ರಸ್ಟುಗಳಿಗೂ ಇರದು. ಆದರೆ ವರ್ಷಕ್ಕೆ ಒಬ್ಬಿಬ್ಬರು ಬಡ ಹೆಣ್ಣುಮಕ್ಕಳಿಗೆ, ಜಾತಿಮತಗಳ ಭೇದವಿಲ್ಲದೆ, ಎ.ಎನ್.ಎಂ. ಅಥವಾ ನರ್ಸಿಂಗ್ ಶಿಕ್ಷಣದ ವೆಚ್ಚವನ್ನು ಕೊಡುವುದು ಸಾಧ್ಯ. ಸಮೀಪದ ನರ್ಸಿಂಗ್ ಶಾಲೆಯ ಅಧ್ಯಾಪಿಕೆಯರನ್ನು ಕರೆಸಿ, ಮನೆಗಳಲ್ಲಿ ಆರೈಕೆ ಮಾಡುವ ಹೆಂಗಸರಿಗೂ ನಮ್ಮ ಮನೆಯ ಸೊಸೆ, ಮಗ, ಮಗಳಿಗೂ ಕೆಲವು ದಿನಗಳ ಪಾಠವನ್ನು ಸಭಾಭವನದಲ್ಲಿ ಏರ್ಪಡಿಸಬಹುದು. ಹಾಸಿಗೆಯಲ್ಲಿಯೇ ಸ್ನಾನ, ಮಗ್ಗುಲು ಬದಲಿಸುವುದು, ಊಟ ಮಾಡಿಸುವ ಕ್ರಮ, ಜ್ವರ ಮತ್ತು ನಾಡಿ ನೋಡುವುದು, ವೈದ್ಯರನ್ನು ಯಾವಾಗ ಕರೆಯಬೇಕೆಂಬ ವಿವೇಕ, ಇಷ್ಟೇ ಮೊದಲ ಪಾಠಗಳು. ಪಾಠಕ್ಕೆ ಬರುವವಳಿಗೆ ಆ ದಿನಗಳ ಕೂಲಿಯನ್ನು ಟ್ರಸ್ಟೇ ಕೊಡಬೇಕು. ಕೆಲಸ ಬಿಟ್ಟು ಬರಲಾಗದೆ ಹಿಂದುಳಿದ ಸೂಲಗಿತ್ತಿಯರ ಚರಿತ್ರೆಯನ್ನು ಮರೆಯಬಾರದು. ಚೆನ್ನಾಗಿ ಕಲಿತವಳಿಗೆ ಮುಂದಿನ ಓದಿಗೆ ಮತ್ತೆ ನೆರವು ಕೊಡಬೇಕು. ಮೆಟ್ಟಿಲಿಲ್ಲದ ಹುದ್ದೆಯಲ್ಲಿ ಒಳ್ಳೆಯವರು ಬಹುಕಾಲ ನಿಲ್ಲುವುದಿಲ್ಲ. ಆಯಾಳನ್ನು ಇಟ್ಟುಕೊಂಡ ಪ್ರತಿ ಮನೆಯೂ ಅವಳ ದುಡಿಮೆಗೆ ಗಂಟೆಗಳ ಮಿತಿ, ವಾರಕ್ಕೊಂದು ರಜೆ, ಹೊತ್ತಿಗೆ ಸರಿಯಾದ ಊಟ, ರಾತ್ರಿಗೆ ಬೇರೊಬ್ಬರು ಎಂಬ ನಿಯಮವನ್ನು ವ್ರತದಂತೆ ಪಾಲಿಸಬೇಕು. ಅನ್ನಪಾನನಿರೋಧವೂ ಅತಿಚಾರಗಳಲ್ಲಿ ಒಂದೆಂಬುದು ನೆನಪಿರಲಿ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ನಮ್ಮವರು ಕೈಬಿಚ್ಚಿ ಕೊಡುತ್ತಾರೆ. ಒಬ್ಬ ಹೆಣ್ಣುಮಗಳಿಗೆ ಶುಶ್ರೂಷೆಯ ವಿದ್ಯೆಯನ್ನು ಕಲಿಸಿದರೆ ಅವಳಿಗೆ ಆದದ್ದು ವಿದ್ಯಾದಾನ, ರೋಗಿಗೆ ಆದದ್ದು ಔಷಧದಾನ, ಭಯದಿಂದ ಮಲಗಿರುವ ವೃದ್ಧರಿಗೆ ಆದದ್ದು ಅಭಯದಾನ. ಒಂದು ಖರ್ಚಿನಲ್ಲಿ ಮೂರು ದಾನಗಳ ಫಲ. ಬರುವ ದಶಲಕ್ಷಣ ಪರ್ವದ ಹೊತ್ತಿಗೆ ಪ್ರತಿಯೊಂದು ಬಸದಿಯ ಟ್ರಸ್ಟೂ ತನ್ನ ಆಯವ್ಯಯ ಪತ್ರದಲ್ಲಿ ವೈಯಾವೃತ್ಯ ಶಿಕ್ಷಣವೆಂಬ ಒಂದು ಸಾಲನ್ನು ಸೇರಿಸಲಿ. ಆ ಸಾಲಿನ ಮುಂದೆ ಬರೆಯುವ ಮೊತ್ತ ಸಣ್ಣದಾದರೂ ಚಿಂತೆಯಿಲ್ಲ, ಸಾಲು ಮಾತ್ರ ವರ್ಷದಿಂದ ವರ್ಷಕ್ಕೆ ಅಳಿಯದಿರಲಿ.